ಕರೆಂಟಿನ ಕೆಲಸಕ್ಕೆ ನಾಲ್ಕು ವರ್ಷ ಯಾಕೆ?

(ಬೊಮ್ಮನಹಾಳಿನಲ್ಲಿ ನಡೆದ ತೋಟದ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಕಾಫಿ ಕೊಯ್ಲು ಮುಗಿಸಿ ಗಟ್ಟದಿಂದ ಊರಿಗೆ ಬಂದಿರುವ ನಿಮಗೆಲ್ಲ ವಂದನೆ. ಹೋದ ಭಾನುವಾರ ಪೂಜೆ ಮುಗಿದ ಮೇಲೆ ಒಬ್ಬ ತಾಯಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದರು: "ಉಪದೇಶಿಯಣ್ಣಾ, ನಮ್ಮ ಹುಡುಗಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಬೇಕು ಅಂತಾಳೆ. ಲೈಟು ಹಾಕೋದಕ್ಕೆ, ಮೋಟಾರು ಕಟ್ಟೋದಕ್ಕೆ ನಾಲ್ಕು ವರ್ಷ ಕಾಲೇಜು ಯಾಕೆ? ಅವರಪ್ಪ ಬೇಡ ಅಂತಾರೆ." ಆ ಹುಡುಗಿ ಇಲ್ಲೇ ಅಜ್ಜಿಯ ಮನೆಯಲ್ಲಿದ್ದು ರಾಯದುರ್ಗದಲ್ಲಿ ಇಂಟರ್ ಓದುತ್ತಿದ್ದಾಳೆ. ಪರೀಕ್ಷೆ ಮುಗಿದರೆ ತೋಟಕ್ಕೆ ಕರೆದುಕೊಂಡು ಹೋಗಬೇಕೆಂಬುದು ತಂದೆಯ ಮಾತು. ನಾನು ಓದಿದ್ದು ಎಸ್.ಎಸ್.ಎಲ್.ಸಿ. ಮಾತ್ರ. ಆದರೂ ಈ ಪ್ರಶ್ನೆಗೆ ನನ್ನ ಅನುಭವದಿಂದಲೇ ಒಂದಿಷ್ಟು ಉತ್ತರ ಹೇಳಬಲ್ಲೆ.

ನಾನು ಎಸ್.ಎಸ್.ಎಲ್.ಸಿ. ಮುಗಿಸಿದ ಬೇಸಿಗೆಯಲ್ಲಿ ನಮ್ಮ ತಂದೆಯವರ ಬೋರಿನ ಮೋಟಾರು ಎರಡು ಸಲ ಸುಟ್ಟಿತು. ಎರಡು ಸಲವೂ ಗಾಡಿಯಲ್ಲಿ ಹಾಕಿಕೊಂಡು ರಿವೈಂಡಿಂಗ್ ಅಂಗಡಿಗೆ ಒಯ್ದೆವು. ತಾಮ್ರದ ತಂತಿ ಬದಲಾಯಿಸಿ ಕೊಟ್ಟರು, ದುಡ್ಡು ತೆಗೆದುಕೊಂಡರು. ಯಾಕೆ ಸುಟ್ಟಿತೆಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಶೇಂಗಾ ಒಣಗಿತು. ಎಷ್ಟೋ ವರ್ಷದ ಮೇಲೆ ತಿಳಿಯಿತು: ಮೂರು ಫೇಸಿನಲ್ಲಿ ಒಂದು ಫ್ಯೂಸು ಹೋಗಿತ್ತು. ಓಡುತ್ತಿರುವ ಮೋಟಾರು ಒಂದು ಫೇಸು ಹೋದರೂ ನಿಲ್ಲುವುದಿಲ್ಲ. ಮೂರು ಜನ ಹೊರುವ ಮೂಟೆಯನ್ನು ಇಬ್ಬರೇ ಹೊತ್ತಂತೆ ಉಳಿದ ತಂತಿಗಳಲ್ಲಿ ಕರೆಂಟು ಏರುತ್ತದೆ, ಸುರುಳಿ ಕಾಯುತ್ತದೆ, ಸುಡುತ್ತದೆ. ಕಟ್ಟುವ ಕೈಗೆ ಕೆಲಸ ಗೊತ್ತು. ಸುಡದ ಹಾಗೆ ಮಾಡಲು ಕಾರಣ ಗೊತ್ತಿರಬೇಕು.

ಈ ಕಾರಣಗಳನ್ನು ಕಲಿಸುವ ಪಾಠಕ್ಕೆ ಎಲೆಕ್ಟ್ರಿಕಲ್ ಮೆಷಿನ್ಸ್ ಎಂದು ಹೆಸರು. ಟ್ರಾನ್ಸ್‌ಫಾರ್ಮರು, ಜನರೇಟರು, ನಾನಾ ಬಗೆಯ ಮೋಟಾರು ಎಲ್ಲವೂ ಅದರಲ್ಲಿ ಬರುತ್ತವೆ. ನಿಮ್ಮ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರನ್ನು ತಿರುಗಿಸುವುದು ಸಾಮಾನ್ಯವಾಗಿ ಇಂಡಕ್ಷನ್ ಮೋಟಾರು. ಅದರ ಮೇಲಿನ ತಗಡಿನಲ್ಲಿ 1440 ಎಂದು ಬರೆದಿರುವುದನ್ನು ನೋಡಿರಬಹುದು. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ. ನಾಲ್ಕು ಧ್ರುವದ ಮೋಟಾರಿನೊಳಗೆ ಅಯಸ್ಕಾಂತದ ಬಲವು ನಿಮಿಷಕ್ಕೆ 1500 ಸುತ್ತು ಸುತ್ತುತ್ತದೆ; ಒಳಗಿನ ರೋಟರು ಅದರ ಬೆನ್ನು ಹತ್ತಿ ಓಡುತ್ತದೆ, ಆದರೆ ಯಾವಾಗಲೂ ತುಸು ಹಿಂದೆ. ಸರಿಸಮ ಓಡಿದರೆ ಅದನ್ನು ಎಳೆಯುವ ಬಲವೇ ಇರುವುದಿಲ್ಲ. ಮೊದಲ ಸಲ ಇದನ್ನು ಕೇಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು ಪಾಠ ಪವರ್ ಎಲೆಕ್ಟ್ರಾನಿಕ್ಸ್. ಬಿಸಿಲಿನ ಪ್ಯಾನೆಲು ಕೊಡುವುದು ಬ್ಯಾಟರಿಯಂತೆ ಒಂದೇ ಕಡೆ ಹರಿಯುವ ಡಿ.ಸಿ. ಕರೆಂಟು. ಲೈನಿಗೆ ಬೇಕಾದದ್ದು ಎ.ಸಿ. ನಡುವೆ ನಿಂತು ಬದಲಾಯಿಸುವುದು ಇನ್ವರ್ಟರು. ಅದರಲ್ಲಿ ಸದ್ದಿಲ್ಲದ ಸ್ವಿಚ್ಚುಗಳಿವೆ, ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುತ್ತವೆ. ಮೋಟಾರಿನ ವೇಗವನ್ನು ಬೇಕಾದಷ್ಟೇ ಇಡುವ ಡ್ರೈವು, ಬ್ಯಾಟರಿ ಆಟೋ, ಸೋಲಾರ್ ಪಂಪು, ಎಲ್ಲದರ ಹೊಟ್ಟೆಯೊಳಗೂ ಇದೇ ವಿದ್ಯೆ.

ನಮ್ಮ ನೆರೆಯ ಪಾವಗಡದ ತಿರುಮಣಿ ಕಡೆಗೆ ಹೋಗಿ ನೋಡಿರಿ. ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು 2019ರಲ್ಲಿ ಪೂರ್ತಿಯಾಯಿತು. ಭೂಮಿಯಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಗುತ್ತಿಗೆ ಸಿಕ್ಕಿತು. ಭೂಮಿಯಿಲ್ಲದ ಕೂಲಿಯವರಿಗೆ ಗುತ್ತಿಗೆಯ ಮಾತೇ ಇಲ್ಲ. ಊರಿನವರಿಗೆ ಹೆಚ್ಚಾಗಿ ದೊರೆತದ್ದು ಹುಲ್ಲು ಕೀಳುವ, ಪ್ಯಾನೆಲು ತೊಳೆಯುವ, ಕಾವಲು ಕಾಯುವ ಕೆಲಸ. ಆ ಕೆಲಸ ಕೀಳೆಂದು ನಾನು ಹೇಳುವುದಿಲ್ಲ. ಸಂಘದವನಾಗಿ ಅದಕ್ಕೂ ನ್ಯಾಯವಾದ ಕೂಲಿ ಕೇಳುವವನು ನಾನು. ಆದರೆ ಇನ್ವರ್ಟರಿನ ಕೋಣೆಯೊಳಗೆ ನಮ್ಮ ಮಕ್ಕಳೂ ಇರಬೇಡವೇ?

ಹಿಂದೆಯೂ ಹೀಗೆಯೇ ಆಗಿದೆ. 1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರು ದಾಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಗಣಿಯ ಆಳದಲ್ಲಿ ದುಡಿದವರ ಗುಡಿಸಲಿಗೆ ಬೆಳಕು ಯಾವಾಗ ಬಂತೆಂದು ಯಾರೂ ದೊಡ್ಡ ಅಕ್ಷರದಲ್ಲಿ ಬರೆದಿಡಲಿಲ್ಲ.

ಇನ್ನು ದಾರಿಯ ಮಾತು. ಇಂಟರಿನಲ್ಲಿ ಎಂ.ಪಿ.ಸಿ. ಓದಿದವರಿಗೆ ಆಂಧ್ರದಲ್ಲಿ ಇ.ಎ.ಪಿ.ಸೆಟ್ ಪರೀಕ್ಷೆಯಿದೆ. ಹತ್ತನೆಯದು ಮುಗಿಸಿದವರು ಪಾಲಿಸೆಟ್ ಬರೆದು ಮೂರು ವರ್ಷದ ಡಿಪ್ಲೊಮಾ ಮಾಡಿ, ಆಮೇಲೆ ಇ-ಸೆಟ್ ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಸೇರಬಹುದು. ನಮ್ಮ ಅನಂತಪುರದ ಸರಕಾರಿ ಇಂಜಿನಿಯರಿಂಗ್ ಕಾಲೇಜು 1946ರಷ್ಟು ಹಳೆಯದು. ಈಗ ಅದು ಜೆ.ಎನ್.ಟಿ.ಯು. ವಿಶ್ವವಿದ್ಯಾಲಯದ ಕಾಲೇಜು. ಕರ್ನಾಟಕದ ಸಿ.ಇ.ಟಿ.ಯಲ್ಲಿ ಗಡಿನಾಡು ಕನ್ನಡಿಗರಿಗೆಂದು ಒಂದು ನಿಯಮವಿದೆ. ರಾಯದುರ್ಗ, ಮಡಕಶಿರಾ ಕಡೆಯ ಕನ್ನಡ ಮನೆಮಾತಿನ ಮಕ್ಕಳು ಕನ್ನಡ ಪರೀಕ್ಷೆಯೊಂದನ್ನು ಬರೆದು ಆ ನಿಯಮದಲ್ಲಿ ಅರ್ಜಿ ಹಾಕಬಹುದು. ಆ ವರ್ಷದ ನಿಯಮಪುಸ್ತಕ ಓದಿಯೇ ಹಾಕಿರಿ. ಮನೆಯಲ್ಲಿ ಕನ್ನಡ ಓದಿಸಿದ್ದು ಇಂಥ ಹೊತ್ತಿಗೆ ಕೈ ಹಿಡಿಯುತ್ತದೆ.

ದುಡ್ಡಿಗೆ: ತಾಂತ್ರಿಕ ಶಿಕ್ಷಣ ಓದುವ ಹೆಣ್ಣುಮಕ್ಕಳಿಗೆ ಎ.ಐ.ಸಿ.ಟಿ.ಇ. ಯವರ ಪ್ರಗತಿ ವಿದ್ಯಾರ್ಥಿವೇತನವಿದೆ, ಆಯ್ಕೆಯಾದರೆ ವರ್ಷಕ್ಕೆ 50,000 ರೂಪಾಯಿ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದ ಕುಟುಂಬಗಳಿಗೆ ಆಂಧ್ರದಲ್ಲಿ ಬಿ.ಸಿ.-ಸಿ ಎಂಬ ವರ್ಗದಲ್ಲಿ ನೂರಕ್ಕೆ ಒಂದು ಮೀಸಲು. ಒಂದೇ ಒಂದು, ಅದು ಸಾಲದೆಂಬುದು ಬೇರೆ ಜಗಳ. ಆದರೂ ಆ ಸರ್ಟಿಫಿಕೇಟು ಈಗಲೇ ಮಾಡಿಸಿರಿ. ಕೊಯ್ಲಿನ ನಡುವೆ ತೋಟದಿಂದ ಓಡಿ ಬಂದು ಕಚೇರಿ ಸುತ್ತಿ ಬರಿಗೈಲಿ ಹೋದವರನ್ನು ನಾನು ಬಲ್ಲೆ.

ಆ ತಾಯಿ ಇಲ್ಲಿಯೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ತಂದೆಯವರೂ ಬಂದಿದ್ದಾರೆ, ಬಾಗಿಲ ಹತ್ತಿರ ನಿಂತಿದ್ದಾರೆ. ಅಣ್ಣಾ, ಮಗಳ ಒಂದು ಕೊಯ್ಲಿನ ಕೂಲಿ ಹೋಗುತ್ತದೆ ಎಂದಿರಿ, ಆ ಲೆಕ್ಕ ಸುಳ್ಳಲ್ಲ, ನಾನೂ ಕೂತು ಹಾಕಿ ನೋಡಿದೆ. ಸೋಮವಾರ ನಾನು ರಾಯದುರ್ಗಕ್ಕೆ ಹೋಗುತ್ತೇನೆ. ರೇಷನ್ ಕಾರ್ಡು, ಹುಡುಗಿಯ ಹತ್ತನೆಯ ಮಾರ್ಕ್ಸ್ ಕಾರ್ಡು ತೆಗೆದುಕೊಂಡು ಬೆಳಗಿನ ಬಸ್ಸಿಗೆ ನೀವೂ ಬನ್ನಿ.