ಅಡ್ಡಹೆಸರಿನ ಲೆಕ್ಕ

ನಮ್ಮ ಅಕ್ಕಲಕೋಟೆ ಕಡೆಯ ಯಾವುದಾದರೂ ದೊಡ್ಡ ಊರಿನ ಮತದಾರರ ಯಾದಿ ತೆಗೆದು ನೋಡಿರಿ. ಪಾಟೀಲ ಎಂಬ ಅಡ್ಡಹೆಸರು ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತದೆ. ಬಿರಾಜದಾರ, ಕುಂಭಾರ, ಕೋಳಿ, ಸ್ವಾಮಿ ಇವೂ ಸಾಕಷ್ಟು. ಉಳ್ಳಾಗಡ್ಡಿ, ಮೆಣಸಿನಕಾಯಿ ಎಂಬಂಥ ಹೆಸರು ಸಿಕ್ಕರೆ ಒಂದೆರಡು ಮನೆ. ಯಾಕೆ ಹೀಗೆ?

ನಾನು ಮೆಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ಖಾತೆಗಳೆಲ್ಲ ದಪ್ಪ ಲೆಜರಿನಲ್ಲಿ ಇರುತ್ತಿದ್ದವು. ಅಡ್ಡಹೆಸರಿನ ಮೊದಲ ಅಕ್ಷರದ ಮೇಲೆ ಅವುಗಳ ಪಟ್ಟಿ. ಪಾಟೀಲರ ಹಾಳೆ ತುಂಬಿ ಮೇಲೆ ಹಾಳೆ ಅಂಟಿಸುತ್ತಿದ್ದೆವು. ಕೆಲವು ಅಕ್ಷರಗಳ ಹಾಳೆ ವರ್ಷಗಟ್ಟಲೆ ಖಾಲಿ. ಆಗಿನಿಂದ ಈ ವಿಚಾರ ನನ್ನ ತಲೆಯಲ್ಲಿದೆ.

ಮೊದಲನೆಯ ಕಾರಣ, ಹೆಸರು ಎಷ್ಟು ಕಡೆ ಹುಟ್ಟಿತು ಎಂಬುದು. ಪಾಟೀಲ, ಕುಲಕರ್ಣಿ, ದೇಸಾಯಿ ಇವು ಮೂಲದಲ್ಲಿ ಅಧಿಕಾರದ ಹೆಸರುಗಳು. ಊರೂರಿಗೆ ಪಾಟೀಲಕಿ ಇತ್ತು. ಆದ್ದರಿಂದ ಪಾಟೀಲರೆಲ್ಲ ಒಂದೇ ಬಳ್ಳಿಯ ಕಾಯಿಗಳಲ್ಲ. ಲಿಂಗಾಯತರಲ್ಲಿ, ಮರಾಠರಲ್ಲಿ, ಜೈನರಲ್ಲಿ, ಮುಸಲ್ಮಾನರಲ್ಲಿಯೂ ಪಾಟೀಲರಿದ್ದಾರೆ. ಕುಲಕರ್ಣಿ ವತನವನ್ನು ಮುಂಬಯಿ ಸರಕಾರ 1950ರ ಕಾಯ್ದೆಯಿಂದ ರದ್ದುಮಾಡಿತು. ವಂಶಪಾರಂಪರ್ಯದ ಪಾಟೀಲಕಿ ಕರ್ನಾಟಕದಲ್ಲಿ 1961ರ, ಮಹಾರಾಷ್ಟ್ರದಲ್ಲಿ 1962ರ ಕಾಯ್ದೆಯಿಂದ ಹೋಯಿತು. ಅಧಿಕಾರ ಹೋಯಿತು, ಹೆಸರು ಉಳಿಯಿತು. ಉಳ್ಳಾಗಡ್ಡಿ, ಬೆಲ್ಲದ ಎಂಬಂಥವು ವ್ಯಾಪಾರದಿಂದಲೋ ಊರ ಜನರ ಬಾಯಿಂದಲೋ ಬಂದವು. ಹುಟ್ಟಿದ ಮನೆಗಳೇ ಕಡಿಮೆ.

ಎರಡನೆಯದು ಗಂಡುಮಕ್ಕಳ ಲೆಕ್ಕ. ಒಂದು ಊರಲ್ಲಿ ಒಂಬತ್ತು ಮನೆ, ಮನೆಗೊಬ್ಬ ಗಂಡಸು, ಒಂಬತ್ತು ಅಡ್ಡಹೆಸರು ಎಂದು ತಿಳಿಯಿರಿ. ಮೂವರಿಗೆ ಗಂಡುಮಕ್ಕಳಿಲ್ಲ, ಮೂವರಿಗೆ ಒಬ್ಬೊಬ್ಬ ಮಗ, ಮೂವರಿಗೆ ಇಬ್ಬಿಬ್ಬರು. ಮುಂದಿನ ತಲೆಮಾರಿಗೂ ಗಂಡಸರು ಒಂಬತ್ತೇ. ಆದರೆ ಹೆಸರು ಆರೇ ಉಳಿದವು! ಇದೇ ರೀತಿ ಇನ್ನೊಂದು ತಲೆಮಾರು ಸಾಗಿದರೆ ನಾಲ್ಕೋ ಐದೋ ಉಳಿದಾವು. ಬರ ಬೀಳಲಿಲ್ಲ, ಪ್ಲೇಗು ಬರಲಿಲ್ಲ, ಯಾರೂ ಊರು ಬಿಡಲಿಲ್ಲ. ಆದರೂ ಹೆಸರುಗಳು ಕರಗಿದವು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎಂಬ ವಿದ್ವಾಂಸ 1873ರಲ್ಲಿ ಈ ಪ್ರಶ್ನೆಯನ್ನು ಎತ್ತಿದ. ಹೆನ್ರಿ ವಾಟ್ಸನ್ ಎಂಬ ಪಾದ್ರಿ ಅದರ ಗಣಿತ ಮಾಡಿದ. 1874ರಲ್ಲಿ ಇಬ್ಬರೂ ಕೂಡಿ ಅದನ್ನು ಪ್ರಕಟಿಸಿದರು. ಅಡ್ಡಹೆಸರುಗಳು ಬಹಳ ಹಳೆಯವಾದ ನಾಡಿನಲ್ಲಿ ಕೆಲವೇ ಹೆಸರು ಎಲ್ಲೆಡೆ ಹರಡಲು ಇದೂ ಒಂದು ಕಾರಣ. ಕೊರಿಯಾದಲ್ಲಿ ಐದು ಜನರಲ್ಲಿ ಒಬ್ಬರ ಅಡ್ಡಹೆಸರು ಕಿಮ್. ಜಪಾನಿನಲ್ಲಿ 1875ರ ಸರಕಾರಿ ಆಜ್ಞೆಯಿಂದ ಎಲ್ಲರೂ ಅಡ್ಡಹೆಸರು ಇಟ್ಟುಕೊಳ್ಳಲೇಬೇಕಾಯಿತು. ಆದ್ದರಿಂದ ಅಲ್ಲಿ ಹೆಸರುಗಳು ಇನ್ನೂ ಲೆಕ್ಕವಿಲ್ಲದಷ್ಟಿವೆ.

ಮೂರನೆಯದು ಬರವಣಿಗೆ. ಇದು ನಮ್ಮಂಥ ಗಡಿಯವರ ಪಾಡು. ಇಂಡಿ, ಆಳಂದ ಕಡೆ ಬಿರಾದಾರ. ಅಕ್ಕಲಕೋಟೆ, ದಕ್ಷಿಣ ಸೋಲಾಪುರದ ಕಡೆ ಬಿರಾಜದಾರ. ಅಲ್ಲಿ ಕುಂಬಾರ, ಇಲ್ಲಿ ಕುಂಭಾರ. ಅಲ್ಲಿಯ ಬಡಿಗೇರ ಇಲ್ಲಿಯ ಕಾಗದದಲ್ಲಿ ಸುತಾರ ಆಗುವುದುಂಟು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಬ್ಯಾಂಕಿನಲ್ಲಿ ಇಂಗ್ಲಿಷು. ಒಬ್ಬನಿಗೇ ಮೂರು ಅಡ್ಡಹೆಸರು. ನಾನು ಕೆಲಸದಲ್ಲಿದ್ದಾಗ ಒಬ್ಬ ಹೆಣ್ಣುಮಗಳು ತೀರಿಹೋದ ತಂದೆಯ ಠೇವಣಿ ಕೇಳಲು ಬಂದಿದ್ದಳು. ಅವಳ ಸಾಲಿಯ ದಾಖಲೆ ಆಚೆಯದು, ಅದರಲ್ಲಿ ಬಿರಾದಾರ. ತಂದೆಯ ಖಾತೆಯಲ್ಲಿ ಬಿರಾಜದಾರ. ಪ್ರತಿಜ್ಞಾಪತ್ರ, ಸಾಕ್ಷಿ, ಮೇಲಿನ ಕಚೇರಿಯ ಒಪ್ಪಿಗೆ ಎಂದು ತಿಂಗಳುಗಟ್ಟಲೆ ಅಲೆದಳು. ಹಣ ಅವಳದ್ದೇ. ನಡುವೆ ಅಡ್ಡ ನಿಂತದ್ದು ಒಂದು 'ಜ'.

ಆದ್ದರಿಂದ ಬಾಂಧವರೆ, ಸಾತಬಾರಾ ಉತಾರ, ಸಾಲಿಯ ದಾಖಲೆ, ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು ನಾಲ್ಕನ್ನೂ ಒಮ್ಮೆ ಎದುರಿಗಿಟ್ಟು ಹೆಸರು ಕೂಡುತ್ತದೆಯೇ ನೋಡಿರಿ. ಕೂಡದಿದ್ದರೆ ಹಿರಿಯರು ಇರುವಾಗಲೇ ಸರಿಪಡಿಸಿರಿ. ಇದು ಕನ್ನಡದ ರೂಪ, ಇದು ಮರಾಠಿಯ ರೂಪ ಎಂಬ ಹಟ ಬೇಡ. ಯಾವುದನ್ನು ಬರೆದರೂ ಎಲ್ಲ ಕಡೆ ಒಂದೇ ಇರಲಿ. ಆದರೆ ಹಳೆಯ ರೂಪ ಯಾವುದಿತ್ತು, ಯಾವ ಊರಿಂದ ಬಂತು ಎಂಬುದನ್ನು ಮನೆಯ ವಹಿಯಲ್ಲಿ ಬರೆದಿಡಿ.

ಇನ್ನೊಂದು ಮಾತು. ಒಂಬತ್ತು ಮನೆಯ ಲೆಕ್ಕದಲ್ಲಿ ಅಳಿದದ್ದು ಹೆಸರು, ವಂಶವಲ್ಲ. ಗಂಡುಮಕ್ಕಳಿಲ್ಲದ ಮೂರು ಮನೆಗಳ ಹೆಣ್ಣುಮಕ್ಕಳು ಬೇರೆ ಮನೆ ಬೆಳಗುತ್ತಿರಬಹುದು. ನಮ್ಮ ಲೆಕ್ಕ ಅವರನ್ನು ಎಣಿಸಲಿಲ್ಲ, ಅಷ್ಟೇ. ಮಹಾರಾಷ್ಟ್ರ ಸರಕಾರ 2024ರ ಮೇ 1ರಿಂದ ಹುಟ್ಟಿದ ಮಕ್ಕಳಿಗೆ ಸರಕಾರಿ ದಾಖಲೆಗಳಲ್ಲಿ ತಾಯಿಯ ಹೆಸರನ್ನೂ ಬರೆಯಬೇಕೆಂದು ಗೊತ್ತುಮಾಡಿದೆ. ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಒಳ್ಳೆಯದಾಯಿತು. ಆದರೆ ತಾಯಿಯ ತವರಿನ ಅಡ್ಡಹೆಸರು ಅದರಲ್ಲಿ ಬರುವುದಿಲ್ಲ. ನಿಮ್ಮ ಅವ್ವನ ತವರಿನ ಅಡ್ಡಹೆಸರು ನಿಮಗೆ ಗೊತ್ತಿರಬಹುದು. ಅಜ್ಜಿಯದು? ಅವಳ ಅವ್ವನದು? ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕೇಳಿರಿ, ಮಕ್ಕಳ ಕೈಯಲ್ಲಿ ಬರೆಸಿರಿ. ಯಾವ ಲೆಜರಿನಲ್ಲೂ ಸಿಗದ ಹೆಸರುಗಳು ಅವು.