ವಿಜ್ಞಾನಿಯು ಹಳೆಯ ಭಾಷೆಯನ್ನು ಏಕೆ ಬಿಡನು?

ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬಂದದ್ದು 1956ರಲ್ಲಿ. ಸೇರು ಹೋಗಿ ಕಿಲೋಗ್ರಾಂ ಬಂದಿತು. ಮೈಲಿ ಹೋಗಿ ಕಿಲೋಮೀಟರ್ ಬಂದಿತು. ಆದರೆ ಕುಣಿಗಲಿನ ರೈತನನ್ನು ಹೊಲವೆಷ್ಟೆಂದು ಕೇಳಿ ನೋಡಿ. ಇಂದಿಗೂ ‘ಎರಡೆಕರೆ ಹತ್ತು ಗುಂಟೆ’ ಎಂದೇ ಹೇಳುತ್ತಾನೆ. ಅವನ ಪಹಣಿಯೂ ಹಾಗೆಯೇ ಹೇಳುತ್ತದೆ. ಹೊಸ ಲೆಕ್ಕ ಅವನಿಗೆ ತಿಳಿಯದೆಂದಲ್ಲ. ತಾತನ ಕ್ರಯಪತ್ರ, ಅಣ್ಣತಮ್ಮಂದಿರ ವಿಭಾಗಪತ್ರ ಎಲ್ಲವೂ ಗುಂಟೆಯಲ್ಲಿವೆ. ಅಳತೆಯನ್ನು ಬದಲಿಸುವುದು ಸುಲಭ. ಅದನ್ನು ನಂಬಿ ಬರೆದುದೆಲ್ಲವನ್ನೂ ಬದಲಿಸುವುದು ಕಷ್ಟ.

ಇಂಥದೇ ಹಟವನ್ನು ವಿಜ್ಞಾನಿಗಳಲ್ಲಿಯೂ ಕಾಣಬಹುದು. ಗಣಕಯಂತ್ರವು ತಾನಾಗಿ ಏನನ್ನೂ ಮಾಡದು. ಲೆಕ್ಕವನ್ನು ಯಾವ ಕ್ರಮದಲ್ಲಿ ಮಾಡಬೇಕೆಂದು ಅದಕ್ಕೆ ಬರೆದುಕೊಡಬೇಕು. ಈ ಬರೆಹವೇ ಪ್ರೋಗ್ರಾಂ. ಇದಕ್ಕೆಂದೇ ಕಟ್ಟಿದ ಭಾಷೆಗಳಿವೆ. ಅವುಗಳಲ್ಲಿ ಬಹಳ ಹಳೆಯದು ಫೋರ್ಟ್ರಾನ್. ಐ.ಬಿ.ಎಂ. ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ಇದನ್ನು 1957ರಲ್ಲಿ ಹೊರತಂದರು. ಸೂತ್ರಗಳ ಅನುವಾದ ಎಂಬುದೇ ಆ ಹೆಸರಿನ ಅರ್ಥ. ಅನಂತರ ಸಿ ಬಂದಿತು, ಪೈಥಾನ್ ಬಂದಿತು. 2012ರಲ್ಲಿ ಜೂಲಿಯಾ ಎಂಬುದೂ ಪ್ರಕಟವಾಯಿತು. ಹೀಗಿದ್ದರೂ ಮಳೆಗಾಳಿಗಳ ಗತಿಯನ್ನು ಎಣಿಸುವ ದೊಡ್ಡ ಪ್ರೋಗ್ರಾಂಗಳಲ್ಲಿ ಹೆಚ್ಚಿನವು ಇಂದಿಗೂ ಫೋರ್ಟ್ರಾನಿನಲ್ಲಿವೆ. ಗುಬ್ಬಿಯ ರೈತ ರಾಗಿ ಬಿತ್ತುವ ಮುನ್ನ ಕೇಳುವ ಮಳೆಯ ಮುನ್ಸೂಚನೆಯ ಹಿಂದೆ ಈ ಹಳೆಯ ಭಾಷೆಯ ಲೆಕ್ಕವಿದೆ. ಆದಕಾರಣ ಇದು ಪಂಡಿತರ ಮಾತು ಮಾತ್ರವಲ್ಲ, ನಮ್ಮೆಲ್ಲರ ಮಾತು.

ನಮ್ಮ ರಾಜ್ಯದ್ದೇ ಒಂದು ನಿದರ್ಶನವನ್ನು ಕೊಡಬಹುದು. ಬೆಂಗಳೂರಿನ ಎನ್.ಎ.ಎಲ್. ಎಂಬ ವೈಮಾನಿಕ ಸಂಶೋಧನಾಲಯದಲ್ಲಿ 1986ರಲ್ಲಿ ಫ್ಲೋಸಾಲ್ವರ್ ಎಂಬ ಗಣಕಯಂತ್ರ ಸಿದ್ಧವಾಯಿತು. ಹಲವು ಎಣಿಕೆಯ ಘಟಕಗಳು ಏಕಕಾಲದಲ್ಲಿ ದುಡಿಯುವುದು ಅದರ ವಿಶೇಷ. ಮುಂದೆ ಅಲ್ಲಿಯವರು ಹವಾಮಾನದ ಪ್ರೋಗ್ರಾಂ ಒಂದನ್ನು ರೂಪಿಸಿ ಅದಕ್ಕೆ ‘ವರ್ಷ’ ಎಂದು ಹೆಸರಿಟ್ಟರು. ಸಂಸ್ಕೃತದಲ್ಲಿ ಈ ಪದಕ್ಕೆ ಮಳೆ ಎಂದೂ ಅರ್ಥವಿದೆಯಷ್ಟೆ. ದೆಹಲಿಯ ಹವಾಮಾನ ಕೇಂದ್ರದಲ್ಲಿ ಬಳಕೆಯಲ್ಲಿದ್ದ ಹಳೆಯ ಫೋರ್ಟ್ರಾನ್ ಬರೆಹವನ್ನು ಅವರು ತೊಳೆದು ತಿದ್ದಿ ಮತ್ತೆ ಕಟ್ಟಿದರು. ಆದರೂ ಬೇರೆ ಭಾಷೆಗೆ ಹೋಗಲಿಲ್ಲ. ಅದೇ ಫೋರ್ಟ್ರಾನಿನ 90 ಎಂಬ ಹೊಸ ರೂಪವನ್ನು ಆರಿಸಿಕೊಂಡರು.

ಏಕೆ ಹೀಗೆ? ಮೊದಲನೆಯ ಕಾರಣ ನಂಬಿಕೆ. ಓಲೆಗರಿಯ ಗ್ರಂಥಗಳನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಪ್ರತಿಯಿಂದ ಪ್ರತಿಗೆ ನಕಲಾದಾಗಲೆಲ್ಲ ಲಿಪಿಕಾರನ ಕೈತಪ್ಪಿನಿಂದ ಪಾಠಾಂತರಗಳು ಹುಟ್ಟಿಕೊಳ್ಳುತ್ತವೆ. ಪ್ರೋಗ್ರಾಮನ್ನು ಬೇರೆ ಭಾಷೆಗೆ ತಂದಾಗಲೂ ಹೀಗೆಯೇ. ಅಷ್ಟೇ ಅಲ್ಲ, ಯಂತ್ರವು ದಶಾಂಶ ಸಂಖ್ಯೆಗಳನ್ನು ಕೆಲವೇ ಅಂಕಿಗಳಿಗೆ ಮೊಟಕುಮಾಡಿ ಇಟ್ಟುಕೊಳ್ಳುತ್ತದೆ. ಆದುದರಿಂದ ಮೂರು ಸಂಖ್ಯೆಗಳನ್ನು ಕೂಡುವ ಕ್ರಮ ಬದಲಾದರೂ ಮೊತ್ತದ ಕೊನೆಯ ಅಂಕಿ ಬದಲಾಗಬಹುದು. ಅಮೆರಿಕದ ಎಡ್ವರ್ಡ್ ಲೊರೆನ್ಸ್ 1961ರಲ್ಲಿ 0.506127 ಎಂಬುದರ ಬದಲು 0.506 ಎಂದು ಯಂತ್ರಕ್ಕೆ ಕೊಟ್ಟರು; ಲೆಕ್ಕ ಮುಂದುವರಿದಂತೆ ಹವೆಯ ಚಿತ್ರವೇ ಬೇರೆಯಾಯಿತು. ಹೀಗಿರಲು, ಹೊಸ ಬರೆಹ ಕೊಡುವ ಉತ್ತರ ಹಳೆಯದಕ್ಕಿಂತ ಬೇರೆಯಾದರೆ, ಅದು ತಪ್ಪಿನ ಫಲವೋ ಮೊಟಕಿನ ಫಲವೋ ಎಂಬುದನ್ನು ತೀರ್ಮಾನಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ.

ಎರಡನೆಯದು ವೇಗ. ನಾಳೆಯ ಮಳೆಯನ್ನು ನಾಡಿದ್ದು ತಿಳಿಸಿ ಫಲವಿಲ್ಲ. ಒಂದು ಲೆಕ್ಕಕ್ಕೆ ಎರಡು ಸಂಖ್ಯಾಪಟ್ಟಿಗಳನ್ನು ಒಪ್ಪಿಸಿ ಒಂದನ್ನು ತಿದ್ದುವಾಗ, ಅವು ಯಂತ್ರದ ಸ್ಮರಣೆಯಲ್ಲಿ ಒಂದೇ ಜಾಗವನ್ನು ಹಂಚಿಕೊಂಡಿರಬಾರದೆಂಬುದು ಫೋರ್ಟ್ರಾನಿನ ಕಟ್ಟಳೆ. ಈ ಭರವಸೆಯಿಂದ ಭಾಷೆಯ ಅನುವಾದಕವು ಧೈರ್ಯವಾಗಿ ಲೆಕ್ಕವನ್ನು ಚುರುಕುಗೊಳಿಸಬಲ್ಲದು. ಸಿ ಭಾಷೆಯಲ್ಲಾದರೋ ಈ ಭರವಸೆಯನ್ನು ಬರೆಯುವವನೇ ಬೇರೆಯಾಗಿ ಕೊಡಬೇಕು.

ಮೂರನೆಯ ಕಾರಣ ಮನುಷ್ಯಸಹಜವಾದುದು. ವಿಜ್ಞಾನಿಗೆ ಭಾಷೆಯೆಂಬುದು ಕೈಯ ಉಳಿ. ಕೆತ್ತಬೇಕಾದ ಮೂರ್ತಿ ಬೇರೆಯೇ ಇದೆ. ಮಳೆಮೋಡದ ವಿಚಾರದಲ್ಲಿ ಹೊಸದೊಂದನ್ನು ಕಂಡರೆ ಪದವಿ ಉಂಟು, ಕೀರ್ತಿ ಉಂಟು. ಇದ್ದ ಲೆಕ್ಕವನ್ನೇ ಬೇರೆ ಭಾಷೆಯಲ್ಲಿ ಬರೆದವನನ್ನು ಯಾರು ಮೆಚ್ಚುತ್ತಾರೆ?

ಹಳೆಯದೆಂದು ಹಳಿಯುವವರು ಇನ್ನೊಂದು ಮಾತನ್ನು ಮರೆಯುತ್ತಾರೆ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಎಲ್ಲವೂ ಕನ್ನಡವೇ. ಫೋರ್ಟ್ರಾನಿಗೂ 1966, 1977, 1990, 2003ರ ರೂಪಗಳಿಂದ ಹಿಡಿದು 2023ರದರವರೆಗೆ ಪರಂಪರೆಯಿದೆ. ರಂಧ್ರ ಕೊರೆದ ಕಾರ್ಡಿನ 80 ಕಂಬಸಾಲುಗಳಿಗೆ ತಕ್ಕಂತೆ ಬರೆಯಬೇಕಾಗಿದ್ದ ನಿರ್ಬಂಧ 1990ರ ರೂಪದಲ್ಲಿ ಸಡಿಲವಾಯಿತು. ಬ್ರಿಟನ್ನಿನ ಹವಾಮಾನ ಇಲಾಖೆಯು ತನ್ನ ದೊಡ್ಡ ಪ್ರೋಗ್ರಾಮನ್ನು ಎಲ್‌.ಎಫ್.ರಿಕ್ ಎಂಬ ಹೆಸರಿನಲ್ಲಿ ಹೊಸದಾಗಿ ಬರೆಯಲು ಹೊರಟಾಗಲೂ, ವಿಜ್ಞಾನದ ಭಾಗಕ್ಕೆ ಆರಿಸಿಕೊಂಡದ್ದು ಫೋರ್ಟ್ರಾನಿನ 2003ರ ರೂಪವನ್ನೇ.

ಹಾಗೆಂದು ಈ ಹಟವೆಲ್ಲ ವಿವೇಕವೆನ್ನಲಾಗದು. ಬರೆದವರು ನಿವೃತ್ತರಾಗುತ್ತಾರೆ, ತರುಣರು ಕಲಿತು ಬರುವುದು ಪೈಥಾನನ್ನು. ಓದಬಲ್ಲವರಿಲ್ಲದ ಗ್ರಂಥ ಹುಳುವಿನ ಪಾಲು. ಅರ್ಥ ತಿಳಿಯದೆ ಬರಿದೆ ಓಡಿಸುವ ಪ್ರೋಗ್ರಾಮಿನಲ್ಲಿ ತಪ್ಪಿದ್ದರೆ ಅದನ್ನು ಕಾಣುವವರಾರು? ಆಗ ಮೋಸಹೋಗುವವನು ಮಳೆಯನ್ನು ನಂಬಿ ಬಿತ್ತಿದವನು.

ದಾರಿಯೇನೋ ಇದೆ. ಲ್ಯಾಪ್ಯಾಕ್ ಎಂಬ ಗಣಿತಭಂಡಾರ 1992ರಲ್ಲಿ ಫೋರ್ಟ್ರಾನಿನಲ್ಲಿ ಸಿದ್ಧವಾಯಿತು. ಇಂದು ಪೈಥಾನಿನಲ್ಲಿ ಸಮೀಕರಣ ಬಿಡಿಸುವ ತರುಣರು, ಹಲವೊಮ್ಮೆ ತಮಗೆ ತಿಳಿಯದೆಯೇ, ಅದನ್ನು ಕರೆದು ದುಡಿಸಿಕೊಳ್ಳುತ್ತಿದ್ದಾರೆ. ಹಳೆಯದು ಒಳಗೆ, ಹೊಸದು ಹೊರಗೆ, ಎರಡಕ್ಕೂ ಜಗಳವಿಲ್ಲ. ಇದರ ಜೊತೆಗೆ ಪ್ರತಿಯೊಂದು ಹಳೆಯ ಪ್ರೋಗ್ರಾಮಿಗೂ ಒಂದು ಒಳ್ಳೆಯ ಟೀಕೆ ಬೇಕು: ಈ ಸಂಖ್ಯೆ ಏಕೆ, ಈ ಕ್ರಮ ಏಕೆ ಎಂಬ ವಿವರಣೆ. ಅದನ್ನು ಬರೆಯುವ ಕೆಲಸವನ್ನು ಸಂಶೋಧನೆಯೆಂದೇ ಎಣಿಸಿ ಗೌರವಿಸಬೇಕು. ಹಿರಿಯರು ಕಾಪಾಡುತ್ತಿರುವುದು ಒಂದು ಭಾಷೆಯನ್ನಲ್ಲ, ಅದರಲ್ಲಿ ಕೂಡಿಟ್ಟ ನಂಬಿಕೆಯನ್ನು. ಅದನ್ನು ಕಿರಿಯರಿಗೆ ಬಿಡಿಸಿ ಹೇಳಿಕೊಟ್ಟರೆ, ಮುಂದೆ ಅವರು ಯಾವ ಭಾಷೆಯಲ್ಲಿ ಬರೆದರೂ ಚಿಂತೆಯಿಲ್ಲ.