ಅಣಬೆಯಲ್ಲಿ ಔಷಧವಿದೆಯೇ?



ಮಳೆ ಬಿದ್ದು ಎರಡು ಮೂರು ದಿನ ಕಳೆದರೆ ಯಾದಗಿರಿ, ಸುರಪುರದ ಗುಡ್ಡಗಳ ಅಂಚಿನಲ್ಲಿ, ಹೊಲದ ಬದುವಿನಲ್ಲಿ, ಹುತ್ತಗಳ ಬಳಿ ನಾಯಿಕೊಡೆಗಳು ತಲೆಯೆತ್ತುವುದನ್ನು ನೀವು ಕಂಡಿರುತ್ತೀರಿ. ಅಣಬೆಯ ಪುಡಿ, ಗುಳಿಗೆಗಳು ಎಲ್ಲ ರೋಗಕ್ಕೂ ಮದ್ದೆಂದು ಮಾರಾಟವಾಗುವುದನ್ನೂ ಕಂಡಿರಬಹುದು. ನಿಜವಾಗಿಯೂ ಅಣಬೆಯಲ್ಲಿ ಔಷಧವಿದೆಯೇ?

ಅಣಬೆ ಸಸ್ಯವಲ್ಲ, ಶಿಲೀಂಧ್ರ. ಅದರ ಜೀವಕೋಶದ ಭಿತ್ತಿಯಲ್ಲಿ ಬೀಟಾ ಗ್ಲೂಕಾನ್ ಎಂಬ, ಗ್ಲೂಕೋಸ್ ಅಣುಗಳ ಸರಪಳಿಯಿದೆ. ನಮ್ಮ ಬಿಳಿ ರಕ್ತಕಣಗಳು ಇದನ್ನು ಗುರುತಿಸಿ ಚುರುಕಾಗುತ್ತವೆ. ಜಪಾನಿನ ಗೊರೊ ಚಿಹಾರ ಮತ್ತು ಸಂಗಡಿಗರು ಶಿಟಾಕೆ ಅಣಬೆಯಿಂದ ಬೇರ್ಪಡಿಸಿದ ಇಂತಹ ವಸ್ತುವಿನ ಗುಣವನ್ನು 1969ರಲ್ಲಿ ಪ್ರಕಟಿಸಿದರು. ಅದೇ ಲೆಂಟಿನಾನ್. ಜಠರದ ಕ್ಯಾನ್ಸರಿಗೆ ಇತರ ಔಷಧಗಳ ಜೊತೆಯಲ್ಲಿ ಚುಚ್ಚುಮದ್ದಾಗಿ ಬಳಸಲು 1985ರಲ್ಲಿ ಅಲ್ಲಿ ಅನುಮತಿ ದೊರೆಯಿತು. ಗಮನಿಸಿ: ಅದು ಶುದ್ಧಗೊಳಿಸಿ, ಅಳೆದು ಕೊಟ್ಟ ಮದ್ದು, ತಟ್ಟೆಯಲ್ಲಿನ ಪಲ್ಯವಲ್ಲ.

ಚಿಪ್ಪು ಅಣಬೆಯಲ್ಲಿ ಕೊಲೆಸ್ಟರಾಲ್ ತಗ್ಗಿಸುವ ಲೊವಾಸ್ಟಾಟಿನ್ ಕಂಡುಬಂದಿದೆ. ಆದರೆ ತಳಿ ಬದಲಾದರೆ, ಬೆಳೆದ ರೀತಿ ಬದಲಾದರೆ ಅದರ ಪ್ರಮಾಣವೂ ಬದಲಾಗುತ್ತದೆ. ಆದುದರಿಂದ ಅಣಬೆ ತಿನ್ನುತ್ತೇನೆಂದು ವೈದ್ಯರು ಕೊಟ್ಟ ಗುಳಿಗೆಯನ್ನು ಯಾರೂ ಬಿಡಬಾರದು.

ಹಾಗಾದರೆ ಪ್ರಯೋಜನವಿಲ್ಲವೇ? ಇದೆ, ಆಹಾರವಾಗಿ. ಅಣಬೆಯಲ್ಲಿ ಪ್ರೋಟೀನು, ನಾರು ಇವೆ, ಕೊಬ್ಬು ಕಡಿಮೆ. ಅದರಲ್ಲಿರುವ ಎರ್ಗೊಸ್ಟೆರಾಲ್, ಬಿಸಿಲಿನ ಅತಿನೇರಳೆ ಕಿರಣ ತಾಗಿದಾಗ ಡಿ2 ಜೀವಸತ್ವವಾಗುತ್ತದೆ. ಹೆಚ್ಚಿದ ಅಣಬೆಯನ್ನು ಅಡುಗೆಗೆ ಮುನ್ನ ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಸಾಕು. ನಮ್ಮ ಜಿಲ್ಲೆಯಲ್ಲಿ ಬಿಸಿಲಿಗೇನು ಬರ!

ಬೆಳೆಯಲು ಬೇಕಾದ ಸಾಮಗ್ರಿಯೂ ಇಲ್ಲೇ ಇದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಿಂದ ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ಭತ್ತ ಬೆಳೆಯುತ್ತದೆ. ಭತ್ತದ ಹುಲ್ಲನ್ನು ನೆನೆಸಿ, ಬಿಸಿನೀರಿನಲ್ಲಿ ಹದಗೊಳಿಸಿ, ಆರಿಸಿ, ಅಣಬೆ ಬೀಜ ಸೇರಿಸಿ ಚೀಲದಲ್ಲಿಟ್ಟರೆ ಮೂರು ನಾಲ್ಕು ವಾರಗಳಲ್ಲಿ ಚಿಪ್ಪು ಅಣಬೆ ಕೊಯ್ಲಿಗೆ ಬರುತ್ತದೆ. ಇದಕ್ಕೆ ಮಳೆಗಾಲ, ಚಳಿಗಾಲ ಸೂಕ್ತ; ಬೇಸಿಗೆಗೆ ಸೆಕೆ ತಾಳುವ ಹಾಲು ಅಣಬೆ ಮೇಲು. ಸಂದೇಹಗಳಿದ್ದರೆ ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯದ ಅಧ್ಯಾಪಕರನ್ನು ಕೇಳಿ.

ಕೊನೆಯದಾಗಿ ಒಂದು ಎಚ್ಚರಿಕೆ. ಗುರುತಿಲ್ಲದ ಕಾಡು ಅಣಬೆಯನ್ನು ತಿನ್ನಬೇಡಿ. ಹುಳು ತಿಂದದ್ದು ಮನುಷ್ಯನಿಗೂ ಸುರಕ್ಷಿತವೆಂಬ ನಂಬಿಕೆ ತಪ್ಪು. ಕೆಲವು ಅಣಬೆಗಳಲ್ಲಿರುವ ಅಮಾಟಾಕ್ಸಿನ್ ಎಂಬ ವಿಷ ಕುದಿಸಿದರೂ ನಾಶವಾಗದು. ತಿಂದು 6 ಗಂಟೆಗಳಾದ ಮೇಲೆ, ಕೆಲವೊಮ್ಮೆ ಮರುದಿನ, ವಾಂತಿಭೇದಿ ಶುರುವಾಗುತ್ತದೆ. ನಡುವೆ ಗುಣವಾದಂತೆ ಕಂಡರೂ ಯಕೃತ್ತು ಹಾಳಾಗುತ್ತಿರುತ್ತದೆ. ಸಂಶಯ ಬಂದ ಕೂಡಲೇ ಆಸ್ಪತ್ರೆಗೆ ಹೋಗಬೇಕು. ತಿಂದ ಅಣಬೆಯ ಚೂರು ಉಳಿದಿದ್ದರೆ ಅದನ್ನೂ ಒಯ್ಯಬೇಕು.

ಮದ್ದೂ ವಿಷವೂ ಒಂದೇ ಕುಲದಲ್ಲಿ ಹುಟ್ಟುತ್ತವೆ. ಯಾವುದು, ಎಷ್ಟು, ಯಾರಿಗೆ ಎಂದು ಕೇಳುವ ಅಭ್ಯಾಸ ನಿಮ್ಮದಾಗಲಿ.